ಭೀಮೆಯ ದಂಡೆಯ ದಾರಿ

ಜಗತ್ತಿನ ಎಂಜಿನ್‌ಗಳೆಲ್ಲ ನಿಂತುಹೋಗಿ ಒಂಬತ್ತು ವರ್ಷವಾಗಿತ್ತು. ಭೀಮಾ ನದಿಯ ದಂಡೆಗುಂಟ ಚಾಚಿದ್ದ ಬಯಲುದಾರಿಯಲ್ಲಿ ಸೈಕಲ್ ಬಿಟ್ಟರೆ ಬೇರೇನೂ ಓಡಾಡುತ್ತಿರಲಿಲ್ಲ. ಎದೆನೋವೆಂದ ಗಂಡ ಮಲ್ಕಪ್ಪನನ್ನು, ಎಲ್ಲರೂ ರೋಗಿಗಳನ್ನು ಒಯ್ಯುವಂತೆ, ಕ್ಯಾರಿಯರ್ ಮೇಲೆ ಕೂರಿಸಿ ಹಳೆಯ ಸೀರೆಯಿಂದ ಬೆನ್ನಿಗೆ ಬಿಗಿದುಕೊಂಡು ನಿಂಬೆವ್ವ ಆಸ್ಪತ್ರೆಯತ್ತ ಪೆಡಲ್ ತುಳಿಯುತ್ತಿದ್ದಳು.

"ಇದ ದಾರಿಗೆ ಇಪ್ಪತ್ತ ವರ್ಷ ಬಸ್ ಹೊಡದೀನಿ. ಹತ್ತ ನಿಮಿಷದಾಗ ದವಾಖಾನಿ ಮುಟ್ಟಸ್ತಿದ್ದೆ," ಎಂದ ಮಲ್ಕಪ್ಪ.

"ಮಾತಾಡಿ ದಣೀಬ್ಯಾಡ್ರಿ. ಸುಮ್ಮ ಕೂಡ್ರಿ."

ಜೋಳದ ಹೊಲಗಳು ಹಿಂದೆ ಸರಿದವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನ ತಲೆ ಅವಳ ಹೆಗಲಿಗೆ ವಾಲಿತು. ಕುತ್ತಿಗೆಗೆ ತಾಗುತ್ತಿದ್ದ ಉಸಿರು ನಿಂತಿತ್ತು.

ನಿಂಬೆವ್ವ ಕಾಲೂರಿ ನಿಂತಳು. ಕೂಗಿದರೂ ಕೇಳುವವರಿರಲಿಲ್ಲ. ಬಹಳ ಹೊತ್ತಿನ ಮೇಲೆ ಸೈಕಲ್ಲನ್ನು ಊರಿನತ್ತ ತಿರುಗಿಸಿದಳು.

"ನಿಧಾನಕ್ಕ ಹೋಗೂಣು," ಎಂದಳು ಅವನಿಗೆ. "ಇನ್ನೇನ ಅವಸರ ಐತ್ರಿ ನಮಗ."