ನಾಲ್ಕು ಚುಕ್ಕಿ, ಒಂದು ಹೊಗೆ

“ಏಳನೇತ್ತಾಕ ಸಾಲಿ ಬಿಟ್ಟಾಂವಗ ದುರ್ಬೀನ್ ಯಾಕೋ ತಮ್ಮಾ? ಬಸ್ ಸ್ಟ್ಯಾಂಡಿಗೆ ಹೋಗಿ ‘ಮುಂಡರಗಿ, ಮುಂಡರಗಿ’ ಅಂತ ಒದರು ಹೋಗು.”

ಉಪನ್ಯಾಸಕ ಭೀಮೇಶ ಮೆಲ್ಲಗೆ ಅಂದಿದ್ದಲ್ಲ. ಬೆಟಗೇರಿಯ ಆ ಮಾಳಿಗೆಯ ಮೇಲೆ ಸಾಲಾಗಿ ನಿಂತವರೆಲ್ಲ ನಕ್ಕರು. ದಿನಾ ಬೆಳಿಗ್ಗೆ ಮುಂಡರಗಿಗೆ ಅಝೀಮ ಓಡಿಸುವ ಕ್ರೂಸರ್ ಗಾಡಿಯಲ್ಲೇ ಹೋಗುವ ಮನುಷ್ಯ ಅವನು.

ಅಝೀಮ ಹಲ್ಲು ಕಟಕಟ ಕಡಿದ. ಬೇರೆ ದಿನವಾಗಿದ್ದರೆ ಭೀಮೇಶನ ಅಂಗಿಯ ಗುಂಡಿಗಳು ನೆಲದ ಮೇಲಿರುತ್ತಿದ್ದವು. ಇವತ್ತು ಸಿಟ್ಟಿಗಿಂತ ಹೆದರಿಕೆ ದೊಡ್ಡದಿತ್ತು.

ಅಣ್ಣ ಮುರ್ತುಜಾ ಅದೇ ಗಾಡಿ ಓಡಿಸುತ್ತಿದ್ದ. ಇಪ್ಪತ್ತಾರಕ್ಕೆ ಅವನಿಗೆ ಇರುಳುಗುರುಡು ಶುರುವಾಯಿತು. ಮೊದಲು ಆಕಾಶದ ಮಸುಕಾದ ಚುಕ್ಕಿಗಳು ಕಾಣದಾದವು, ಆಮೇಲೆ ರಸ್ತೆಯೇ ಕಾಣದಾಯಿತು. ಈಗ ಹಗಲಲ್ಲೂ ಚಹಾದ ಕಪ್ಪನ್ನು ತಡಕಾಡಿ ಹಿಡಿಯುತ್ತಾನೆ. ಅಝೀಮನಿಗೆ ಹೋದ ತಿಂಗಳು ಇಪ್ಪತ್ತಾರು ತುಂಬಿತು. ಎಂಟು ದಿನದ ಹಿಂದೆ, ಹಿರೇವಡ್ಡಟ್ಟಿ ಕಡೆಯಿಂದ ಹನ್ನೊಂದು ಮಂದಿಯನ್ನು ತುಂಬಿಕೊಂಡು ಬರುವಾಗ, ಎತ್ತಿನ ಚಕ್ಕಡಿಯೊಂದು ಕತ್ತಲೊಳಗಿಂದ ಎದ್ದು ಬಂದ ಹಾಗೆ ಬಂತು. ಇನ್ನು ಗೇಣು ದೂರವಿದೆ ಎನ್ನುವಾಗ ಬ್ರೇಕು ಹಿಡಿಯಿತು. ಚಕ್ಕಡಿಗೆ ದೀಪವಿರಲಿಲ್ಲವೋ, ತನ್ನ ಕಣ್ಣಿಗೆ ಕಾಣಲಿಲ್ಲವೋ? ಅಂದಿನಿಂದ ನಿದ್ದೆ ಇಲ್ಲ.

ಡಾಕ್ಟರ ಹತ್ತಿರ ಹೋಗಲು ಧೈರ್ಯ ಸಾಲಲಿಲ್ಲ. ಅವರು ಬಾಯಿಬಿಟ್ಟು ಹೇಳಿದರೆ ಸ್ಟೇರಿಂಗು ಹೋಯಿತು, ಮನೆಯ ಒಲೆಯೂ ಹೋಯಿತು. ಅಷ್ಟರಲ್ಲಿ ಚುಕ್ಕಿ ನೋಡುವ ಸಂಘದವರು ಹೊಸಬರನ್ನು ಸೇರಿಸಿಕೊಳ್ಳುತ್ತಾರೆಂಬ ಖಬರ ಬಂತು. ಅತಿ ಮಸುಕಾದ ಚುಕ್ಕಿಯನ್ನು ತೋರಿಸುತ್ತಾರಂತೆ. ಅದು ಕಂಡರೆ ಕಣ್ಣು ಗಟ್ಟಿ. ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ.

ಸಂಘಕ್ಕೆ ಅರ್ಜಿ ಇಲ್ಲ. ದುರ್ಬೀನಿನಲ್ಲಿ ನೋಡಿದ್ದನ್ನು ಹೊಸಬರು ದಪ್ಪ ವಹಿಯೊಂದರಲ್ಲಿ ಬರೆದು ಸಹಿ ಹಾಕಬೇಕು. ಅದನ್ನು ಓದಿ ಸಂಘ ನಡೆಸುವ ಪುಂಡಲೀಕಪ್ಪ ಮಾಸ್ತರು ಯಾರು ಸೇರಬಹುದೆಂದು ಹೇಳುತ್ತಾರೆ.

“ಮಹಾವ್ಯಾಧ ಅನ್ನೂ ಚುಕ್ಕಿ ಗುಂಪಿನ ನಡುಪಟ್ಟಿ ಕೆಳಗ ಬೂದಿ ಬಣ್ಣದ ಹೊಗಿ ಇದ್ದಂಗ ಐತಿ,” ಮಾಸ್ತರು ಹೇಳಿದರು. “ಅದರ ನಡುವ ಸಣ್ಣ ನಾಕ ಚುಕ್ಕಿ. ದುರ್ಬೀನ್ ಅಳ್ಳಾಡತೈತಿ, ಯಾರೂ ಮುಟ್ಟಬ್ಯಾಡ್ರಿ. ಅದರ ಮುಂದೂ ಹೋಗಬ್ಯಾಡ್ರಿ.”

ಭೀಮೇಶ ಮೊದಲು ಬಗ್ಗಿದ. “ಆಹಾ! ನಾಕೂ ಅದಾವ್ರಿ ಸರ್. ಏನ್ ಹೊಗಿ, ಏನ್ ಚಂದ!”

ಅವನ ಹಿಂದಿನ ಮೂವರೂ ಕಂಡವೆಂದರು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಸೀಮಾ ಬಗ್ಗಿದಳು, ದಪ್ಪ ಗಾಜಿನ ಚಾಳೀಸು ತೆಗೆದಳು, ಹಾಕಿಕೊಂಡಳು.

“ನನಗೇನೂ ಕಾಣವಲ್ದ್ರಿ. ಬರೇ ಕತ್ತಲಿ.”

“ಮೊದಲ ಚಾಳೀಸ ಬದಲಿ ಮಾಡವಾ,” ಎಂದ ಭೀಮೇಶ. ಮತ್ತೆ ನಗು.

“ಆತು. ಕಂಡದ್ದಷ್ಟ ಬರೀ,” ಎಂದರು ಮಾಸ್ತರು.

ಅಝೀಮ ಬಗ್ಗಿದ.

ಕತ್ತಲೆ. ಉಸಿರು ಬಿಗಿಹಿಡಿದ. ಕಣ್ಣು ಬದಲಿಸಿದ. ಬಾವಿಯ ತಳದಂಥ ಕತ್ತಲೆ. ತಲೆ ಎತ್ತಿದರೆ ಆಕಾಶದ ದೊಡ್ಡ ಚುಕ್ಕಿಗಳು ಕಾಣುತ್ತಿದ್ದವು. ಅಣ್ಣನಿಗೂ ಮೊದಮೊದಲು ದೊಡ್ಡವು ಕಾಣುತ್ತಿದ್ದವು.

“ಏನ್ ಕಂಡತಿ, ತಮ್ಮಾ?” ಮಾಸ್ತರು ಕೇಳಿದರು.

ಭೀಮೇಶ ಹಿಂದೆಯೇ ನಿಂತಿದ್ದ. ಕಾಣಲಿಲ್ಲ ಎಂದರೆ ನಾಳೆ ಇಡೀ ಗಾಡಿಗೆ ಗೊತ್ತಾಗುತ್ತದೆ, ನಾಡಿದ್ದು ಮಾಲೀಕನಿಗೆ.

“ನಾಕ ಚುಕ್ಕಿರಿ. ಹೊಗಿ ಇದ್ದಂಗ…”

ವಹಿಯಲ್ಲಿ ಅದನ್ನೇ ಬರೆದ. ಅಕ್ಷರಗಳು ನಡುಗಿದವು. ಸಹಿಯೂ ನಡುಗಿತು.

ಮಾಸ್ತರು ಬ್ಯಾಟರಿ ಬೆಳಕಿನಲ್ಲಿ ಎಲ್ಲವನ್ನೂ ಓದಿದರು. “ಈ ಸಲ ಒಬ್ಬಾಕಿನ್ನ ತಗೋತೀವಿ. ಸೀಮಾ.”

“ಏನೂ ಕಾಣದಾಕಿನ್ನ?” ಭೀಮೇಶ ಕಿರುಚಿದ.

ಮಾಸ್ತರು ದುರ್ಬೀನಿನ ಮುಂದಕ್ಕೆ ಹೋಗಿ ಏನನ್ನೋ ಕಿತ್ತು ಬೆಳಕಿಗೆ ಹಿಡಿದರು. ತಟ್ಟೆಯಷ್ಟಗಲದ ಕರಿ ಮುಚ್ಚಳ.

“ಇದನ್ನ ನಾ ತೆಗೆದ ಇದ್ದಿಲ್ಲಪಾ. ಕಾಣದ್ದನ್ನ ಕಂಡತಿ ಅಂತ ಬರಿಯಾವ್ರು ನಮಗ ಬ್ಯಾಡ.”

ಯಾರೂ ನಗಲಿಲ್ಲ. ಭೀಮೇಶ ತನ್ನ ಚಪ್ಪಲಿ ನೋಡಿಕೊಂಡ. ಅಝೀಮನಿಗೊಬ್ಬನಿಗೇ ಎದೆ ಹಗುರಾಯಿತು. ತಪ್ಪು ಕಣ್ಣಿನದಲ್ಲ! ಕೇಕೆ ಹಾಕಿ ನಗಬೇಕೆನಿಸಿತು.

ಸೀಮಾ ಮತ್ತೆ ಬಗ್ಗಿದಳು. “ಅಯ್ಯ, ನಾಕೂ ಕಾಣತಾವ್ರಿ ಸರ್! ಹೊಗಿನೂ ಐತಿ!”

ಮಾಸ್ತರು ಅಝೀಮನ ಹೆಗಲ ಮೇಲೆ ಕೈಯಿಟ್ಟರು. “ಬರಿಯುವಾಗ ನಿನ್ನ ಕೈ ನಡುಗತಿತ್ತು, ನೋಡೀನಿ. ಸುಳ್ಳ ಹೇಳಿ ರೂಢಿ ಇಲ್ಲ ನಿನಗ. ಬಾ, ಈಗ ಖರೆ ನೋಡು. ಆಮ್ಯಾಲೆ ಬರಿ.”

ಎಲ್ಲರೂ ಅವನ ಕಡೆ ತಿರುಗಿದರು. ಅಝೀಮ ಒಂದು ಹೆಜ್ಜೆ ಇಟ್ಟ. ಅಲ್ಲೇ ನಿಂತುಬಿಟ್ಟ. ಈಗಲೂ ಕತ್ತಲೆಯೇ ಕಂಡರೆ ದೂರಲು ಮುಚ್ಚಳ ಇರಲಿಲ್ಲ.

“ಬಾರೋ ತಮ್ಮಾ, ಯಾಕ ನಿಂತಿ?” ಎಂದರು ಮಾಸ್ತರು.

ಅಝೀಮ ಮೆಟ್ಟಿಲ ಕಡೆ ನಡೆದುಬಿಟ್ಟ.