ಮಾರಿ ತಿರುಗಿಸಿದಾಕಿ

“ದಿಂಬಿನೊಳಗ ಸಿಕ್ಕ ಮೊಬೈಲ್ ಯಾರದು, ಚೀಟಿಯೊಳಗ ಬರೀರಿ. ಅಕಿ ಒಬ್ಬಾಕಿ ಮನಿಗೆ ಹೋಗ್ತಾಳ. ಯಾರೂ ಬರೀಲಿಲ್ಲಂದ್ರ ಇಬ್ಬರೂ ಹಾಸ್ಟೆಲ್ ಖಾಲಿ ಮಾಡ್ರಿ,” ಎಂದು ವಾರ್ಡನ್ ಅಕ್ಕೋರು ಹೊರಗಿನಿಂದ ಚಿಲಕ ಹಾಕಿದರು.

ಮೊಬೈಲ್ ಸ್ನೇಹಲಳದು. ಶಿರಗುಪ್ಪಿಗೆ ಹಿಂದಿರುಗಿದರೆ ಅವಳ ಬಿ.ಎ. ಅಲ್ಲಿಗೇ ಮುಗಿಯುತ್ತದೆ. ಕೋಣೆಯ ಗೆಳತಿ ಸಪನಾಳದೂ ಅದೇ ಗತಿ. ಅದೇ ಮೊಬೈಲಿನಲ್ಲಿ ಇಬ್ಬರೂ ತಿಂಗಳಿಡೀ ಜಪಾನಿ ಕಾರ್ಟೂನು ನೋಡಿದ್ದರು. ಅದರಲ್ಲಿಯೂ ಗೆಳೆಯರನ್ನು ಕೋಣೆಯಲ್ಲಿ ಕೂಡಿಹಾಕಿ, ಒಬ್ಬರನ್ನೊಬ್ಬರು ಹಿಡಿದುಕೊಡುವ ಆಟ ಆಡಿಸುತ್ತಿದ್ದರು. “ಮಾರಿ ತಿರುಗಿಸಿದಾಕಿನ ಮೋಸ ಮಾಡಾಕಿ, ನೋಡ್ಕೋತಿರು,” ಎಂದು ಸಪನಾ ಪ್ರತಿ ಸಲ ಮೊದಲೇ ಹೇಳುತ್ತಿದ್ದಳು. ಒಮ್ಮೆಯೂ ಅವಳ ಲೆಕ್ಕ ತಪ್ಪಿರಲಿಲ್ಲ.

“ಏನ್ ಬರೀತಿ ಬೇ?” ಸ್ನೇಹಲ ಕೇಳಿದಳು.

“ನೀ ಸುಮ್ಮ ಖಾಲಿ ಚೀಟಿ ಕೊಡು. ನಾ ನೋಡ್ಕೋತೀನಿ,” ಎಂದ ಸಪನಾ ಗೋಡೆಯ ಕಡೆ ಮಾರಿ ತಿರುಗಿಸಿ ಬರೆಯತೊಡಗಿದಳು.

ಸ್ನೇಹಲ ಆ ಬೆನ್ನನ್ನೇ ನೋಡುತ್ತಿದ್ದಳು. ಚಿಲಕ ತೆಗೆಯುವ ಸದ್ದು ಕೇಳಿದ್ದೇ ಅವಸರದಲ್ಲಿ ಗೆಳತಿಯ ಹೆಸರು ಗೀಚಿ, ಚೀಟಿ ಮಡಿಚಿದಳು.

ಅಕ್ಕೋರು ಬಾಗಿಲಲ್ಲೇ ನಿಂತು ಎರಡೂ ಚೀಟಿ ಬಿಚ್ಚಿ ಓದಿದರು. “ಚಲೋ ಆತು, ಇಬ್ಬರೂ ಒಂದ ಹೆಸರ ಬರದೀರಿ. ಸಪನಾ, ಟ್ರಂಕ್ ತುಂಬ್ಕೋ.”