ಬಾದಶಹನ ಹುಲಿಗೆ ಒನ್ಸ್ ಮೋರ್

ಹುಲಿ ಸತ್ತಿತು. ಅದೂ ಎರಡನೇ ಸಲ. ಅಷ್ಟಕ್ಕೂ ಬಿಡದೆ ಗುಬ್ಬಿಯ ಜನ ಮತ್ತೆ ‘ಒನ್ಸ್ ಮೋರ್’ ಎಂದು ಕೂಗಿದಾಗ, ಪರದೆಯ ಮರೆಯಲ್ಲಿ ಊದುಬತ್ತಿ ಹಿಡಿದು ನಿಂತಿದ್ದ ಪಟ್ಟಾಭಿರಾಮ ಖಾಲಿ ಜೇಬನ್ನು ತಡಕಾಡಿದ. ರಂಗದ ಮೇಲೆ ಬಾದಶಹ ಕೋವಿ ಎತ್ತಿದ ಕೂಡಲೇ ಒಳಗೆ ಪಟಾಕಿ ಹಚ್ಚುವುದು ಅವನ ಕೆಲಸ. ತಂದದ್ದು ಎರಡೇ. ಒಂದು ಆಟಕ್ಕೆ, ಇನ್ನೊಂದು ಮೊದಲನೆಯದು ಠುಸ್ ಎಂದರೆ ಇರಲಿ ಎಂದು. ಎರಡೂ ಸಿಡಿದು ಮುಗಿದಿದ್ದವು.

ನಾಟಕ ಬರೆದವನೂ ಅವನೇ. ಹೈಸ್ಕೂಲು ಮೇಷ್ಟರ ಪಾಡು ಕೇಳಬೇಕೆ? ನಾಲ್ಕುನೂರು ಪುಟದ ಚಾರಿತ್ರಿಕ ಕಾದಂಬರಿಯನ್ನು ಎರಡು ಗಂಟೆಗೆ ಇಳಿಸುವಷ್ಟರಲ್ಲಿ ಹೈರಾಣಾಗಿದ್ದ. ಪುಸ್ತಕದ ನೂರು ಆನೆ, ಐನೂರು ಕುದುರೆಗಳನ್ನು ಎರಡು ನಗಾರಿಯಲ್ಲಿ ಮುಗಿಸಿ, ಬಾದಶಹನನ್ನೂ ಹುಲಿಯನ್ನೂ ಮಾತ್ರ ಉಳಿಸಿಕೊಂಡಿದ್ದ. ಕಾದಂಬರಿ ಬರೆದ ಕ್ಯಾತ್ಸಂದ್ರದ ಜಯರಾಮಯ್ಯನವರು ಒಂದೇ ಷರತ್ತು ಹಾಕಿದ್ದರು: “ಆನೆ ಕುದುರೆ ಏನ್ ಬೇಕಾದ್ರೂ ಬಿಡಿ ಮೇಷ್ಟ್ರೇ. ಬಾದಶಹನ ಗುರಿ ಮಾತ್ರ ತಪ್ಪಕೂಡದು. ಇವತ್ತಿನ ಆಟ ಸರಿಯಾದ್ರೆ ತುಮಕೂರಿನ ಆಟದ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕ್ತೀನಿ.” ಈಗ ಅವರು ಮುಂದಿನ ಸಾಲಿನ ಕುರ್ಚಿಯಲ್ಲಿ ಬಿಗಿದ ಮುಖದಲ್ಲಿ ಕೂತಿದ್ದರು.

ಹುಲಿಯಾಗಿದ್ದವನು ದೊಡ್ಡರಂಗಯ್ಯ. ಒಂದು ಕಾಲಕ್ಕೆ ಕಂಪನಿ ನಾಟಕಗಳಲ್ಲಿ ರಾಜನಾಗಿ ಮೆರೆದವನು. ಅರವತ್ತೆಂಟಕ್ಕೆ ಹಲ್ಲು ಉದುರಿ ಮಾತು ತೊದಲುತ್ತಿತ್ತು, ಹಾಗಾಗಿ ಮಾತಿಲ್ಲದ ಪಾರ್ಟು. ಕಂಪನಿಯ ಕಾಲದಲ್ಲಿ ಜನ ಒನ್ಸ್ ಮೋರ್ ಎಂದರೆ ಸತ್ತ ರಾಜನೂ ಎದ್ದು ಕೂತು, ಇನ್ನೊಮ್ಮೆ ಹಾಡಿ ಸಾಯಬೇಕಿತ್ತು. ಆ ಅಭ್ಯಾಸ ಎಲ್ಲಿ ಬಿಟ್ಟೀತು?

“ಮೇಷ್ಟ್ರೇ,” ಎಂದಿತು ಬಿದ್ದಿದ್ದ ಹುಲಿ, ಪರದೆಯ ಕಡೆ ಕತ್ತು ಹೊರಳಿಸಿ. “ಕೂಗ್ತಾವ್ರೆ. ಏಳ್ತೀನಿ.”

“ಬೇಡಿ ಯಜಮಾನ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಪಟಾಕಿ ಇಲ್ಲ.”

“ನನ್ನ ಹಿಂಗೆ ಕೂಗಿ ಇಪ್ಪತ್ತು ವರ್ಷ ಆಯ್ತು ಕಣಪ್ಪ.”

ಎದ್ದೇಬಿಟ್ಟ. ಶಿಳ್ಳೆಗೆ ತಗಡಿನ ಸೂರು ಅದುರಿತು. ಬಾದಶಹನಾಗಿದ್ದ ತಾಲ್ಲೂಕು ಆಫೀಸಿನ ಆಂಜನಪ್ಪ ಗತ್ತಿನಿಂದ ಕೋವಿ ಎತ್ತಿ ಗುರಿ ಹಿಡಿದ. ಸದ್ದಿಲ್ಲ. ಓರೆಗಣ್ಣಲ್ಲಿ ಒಳಗೆ ನೋಡಿದ. ಪಟ್ಟಾಭಿರಾಮ ಬರಿಗೈ ತೋರಿಸಿದ. ಹುಲಿ ಎದೆಯೊಡ್ಡಿ ಕಾಯುತ್ತಿತ್ತು, ಬಾದಶಹ ಬೆವರುತ್ತಿದ್ದ.

“ಬಾಯಲ್ಲೇ ಢಂ ಅನ್ನು ಕಣ್ಲಾ,” ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಮಂದಿ ಗೊಳ್ಳೆಂದಿತು. ತುಮಕೂರಿನ ಆಟ ಕೈಬಿಟ್ಟು ಹೋಯಿತೆಂದು ಪಟ್ಟಾಭಿರಾಮ ತಲೆಯ ಮೇಲೆ ಕೈ ಹೊತ್ತ.

ಎದುರಿನವನು ಪದ್ಯ ಮರೆತರೆ ತಾನೇ ಆಟ ಎಳೆದುಕೊಂಡು ಹೋಗುತ್ತಿದ್ದ ಹಳೇ ನಟ ದೊಡ್ಡರಂಗಯ್ಯ. ಹುಲಿ ನಿಧಾನವಾಗಿ ಮೈಮುರಿಯಿತು. ಆಕಳಿಸಿತು. ಮುಂಗಾಲು ನೆಕ್ಕಿಕೊಂಡಿತು. ಆಮೇಲೆ ಬಾದಶಹನಿಗೆ ಬೆನ್ನು ತಿರುಗಿಸಿ, ಸಂಜೆ ಕೆರೆ ಏರಿಯ ಮೇಲೆ ಗಾಳಿ ಸೇವನೆಗೆ ಹೊರಟವರ ಹಾಗೆ ನಡೆದು ಒಳಗೆ ಹೋಯಿತು. ಜನ ಎದ್ದು ನಿಂತು ಟವೆಲು ಹಾರಿಸಿದರು. ಪಟ್ಟಾಭಿರಾಮ ಪರದೆ ಎಳೆದ.

ಒಳಗೆ ದೊಡ್ಡರಂಗಯ್ಯ ಹುಲಿಯ ಮುಖವಾಡ ತೆಗೆದು, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದ. “ಸಾಯೋದ್ಕಿಂತ ಇದೇ ಚೆಂದಾಗಿತ್ತು, ಅಲ್ವಾ ಮೇಷ್ಟ್ರೇ?” ಬೈಯಬೇಕೆಂದಿದ್ದ ಪಟ್ಟಾಭಿರಾಮ ಆ ಸಂತೋಷ ಕಂಡು ಅವನಿಗೊಂದು ಲೋಟ ನೀರು ಕೊಟ್ಟ. ಅಷ್ಟರಲ್ಲಿ ಜಯರಾಮಯ್ಯನವರು ಒಳಗೆ ಬಂದರು.

“ತಪ್ಪು ನಂದೇ ಸಾರ್,” ಎಂದ ಪಟ್ಟಾಭಿರಾಮ. “ತುಮಕೂರಲ್ಲಿ ಹುಲಿ ಖಂಡಿತ ಸಾಯುತ್ತೆ. ಒಂದು ಡಬ್ಬಿ ಪಟಾಕಿ ತರ್ತೀನಿ.”

ಜಯರಾಮಯ್ಯನವರು ಒಪ್ಪಿಗೆ ಪತ್ರ ಇಸಿದುಕೊಂಡು ಸಹಿ ಹಾಕಿದರು. ಆಮೇಲೆ ದೊಡ್ಡರಂಗಯ್ಯನ ಹಳದಿ ಬಳಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಪಟಾಕಿ ಬೇಡ,” ಎಂದರು. “ಕಾದಂಬರಿಗೆ ಅಂತ ನಾನು ಓದಿದ ಹಳೇ ಕಡತದಲ್ಲೂ ಆವತ್ತು ಕೋವಿ ಹಾರಲಿಲ್ಲ ಅಂತಲೇ ಇತ್ತು. ಹುಲಿ ಹಿಂಗೇ ನಡ್ಕೊಂಡು ಹೋಯ್ತಂತೆ. ಬಾದಶಹನ ಮರ್ಯಾದೆ ಉಳೀಲಿ ಅಂತ ಪುಸ್ತಕದಲ್ಲಿ ಅದನ್ನ ಕೊಂದೋನು ನಾನು.”